ಮದುಮಗನ ಕಾರಿಗೆ ಹೊಸ ಕ್ಲಚ್ ಪೈಪು

ನನ್ನ ಕೈ ಸುಮ್ಮನಿದ್ದಿದ್ದರೆ ನಮ್ಮ ಮನೆಯಲ್ಲಿ ಇಷ್ಟೊಂದು ಪ್ರಸಂಗಗಳು ನಡೆಯುತ್ತಲೇ ಇರಲಿಲ್ಲ. ಏನು ಮಾಡಲಿ, ಕೆಟ್ಟು ನಿಂತದ್ದು ಯಾವುದಾದರೂ ಕಣ್ಣಿಗೆ ಬಿದ್ದರೆ ಬಾಲ ಸುಟ್ಟ ಬೆಕ್ಕಿನ ಹಾಗೆ ಅದರ ಸುತ್ತಲೇ ತಿರುಗುತ್ತೇನೆ.

ಈ ಸಲ ಕೆಟ್ಟು ನಿಂತದ್ದು ಅಪ್ಪನ ಕಾಲದ ಬಿಳಿ ಕಾರು. ಪೆಡಲಿನಿಂದ ಕ್ಲಚ್ಚಿಗೆ ಆಯಿಲ್ ಒಯ್ಯುವ ರಬ್ಬರ್ ಪೈಪು ಬಿರುಕು ಬಿಟ್ಟು, ಗೇರೇ ಬೀಳದೆ, ಊರಿಗಾಂನ ನಮ್ಮ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಂತುಬಿಟ್ಟಿತ್ತು. ಹಸುವೋ ತುಂಬು ಗಬ್ಬ. ಹೆಂಡತಿ ತೀರ್ಪು ಕೊಟ್ಟಳು: "ಭಾನುವಾರ ನನ್ ತಮ್ಮನ ಮದ್ವೆ. ಅವನನ್ನ ಇದ್ರಲ್ಲಿ ಬಂಗಾರಪೇಟೆ ಛತ್ರಕ್ಕೆ ಕರ್ಕೊಂಡೋದ್ರೆ ಇದು ಇರ್ಲಿ. ಇಲ್ದಿದ್ರೆ ಸೋಮವಾರ ಗುಜರಿಗೆ. ಕರೂಗೆ ಜಾಗ ಬೇಕು."

ಅಪ್ಪ ನನಗೆ ಗೇರು ಹಾಕುವುದು ಕಲಿಸಿದ ಕಾರು ಅದು. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಕಂಪನಿಯವರು ಆ ಪೈಪು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಬೇರೆ ಯಾರೋ ಮಾಡಿದ, ಮೇಲೆ ಸ್ಟೀಲ್ ತಂತಿ ಹೆಣೆದ ಪೈಪೊಂದನ್ನು ಆನ್‌ಲೈನಿನಲ್ಲಿ ತರಿಸಿದೆ.

ಪೂಜೆ

ಪಾರ್ಸೆಲ್ ಬಂದಾಗ ನಾನು ಮನೆಯಲ್ಲಿರಲಿಲ್ಲ. ಪಕ್ಕದ ಬೀದಿಯಲ್ಲೇ ಇರುವ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಿಚ್ಚಿ ನೋಡಿದ್ದಾರೆ. ಹೊಸ ಕಬ್ಬಿಣದ ಸಾಮಾನು ಮನೆಗೆ ಬಂದರೆ ಪೂಜೆಯಾಗುವ ತನಕ ಅವರು ಯಾರಿಗೂ ಮುಟ್ಟಗೊಡುವುದಿಲ್ಲ; ಮಿಕ್ಸಿಗೂ ಅಷ್ಟೆ, ಬೀಗಕ್ಕೂ ಅಷ್ಟೆ. ನಾನು ಬರುವಷ್ಟರಲ್ಲಿ ಪೈಪು ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿತ್ತು.

ಒಳಗೆ ಚೂರು ಧೂಳು ಹೋದರೂ ಕ್ಲಚ್ಚು ಕೆಡುತ್ತದೆ. ಗಾಬರಿಯಾಗಿ ಒಂದು ತುದಿಗೆ ಬಾಯಿಟ್ಟು ಜೋರಾಗಿ ಊದಿದೆ. ಇನ್ನೊಂದು ತುದಿಯಿಂದ ಹಾರಿದ ಕುಂಕುಮವೆಲ್ಲ ನನ್ನ ಅಂಗಿಯ ಮೇಲೆ ಬಿತ್ತು.

"ಅತ್ತೇ, ಒಳಗೂ ಹಾಕಿದ್ದೀರಾ?"

"ಮತ್ತೆ? ಕೆಲ್ಸ ಮಾಡೋದು ಒಳಗೆ ತಾನೆ ಅಳಿಯಂದ್ರೆ? ಮೇಲ್ಮೇಲೆ ಅಚ್ಚಿದ್ರೆ ದೇವ್ರು ಒಪ್ತಾನಾ?"

ನಾಳೆ

ಪೈಪು ತೊಳೆದು ಒಣಗಿಸಿ ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಹತ್ತಿರ ಕೊಟ್ಟು, ಮನೆಗೆ ಬಂದು ಹಾಕಿಕೊಡು ಅಂದೆ. ಮೊದಲ ದಿನ ಅವನು ಕನ್ನಡದಲ್ಲಿ "ನಾಳೆ" ಅಂದ. ಮರುದಿನ ತಮಿಳಿನಲ್ಲಿ "ನಾಳೈಕ್ಕಿ" ಅಂದ. ಅದರ ಮರುದಿನ ತೆಲುಗಿನಲ್ಲಿ "ರೇಪು" ಅಂದ. ಇವನು ಇನ್ನೊಂದು ಭಾಷೆ ಕಲಿಯುವ ಮೊದಲು ನಾನೇ ಕ್ಲಚ್ ಪೈಪು ಹಾಕುವುದನ್ನು ಕಲಿಯುವುದು ಮೇಲು ಅಂತ ಪೈಪು ಕಿತ್ತುಕೊಂಡು ಬಂದೆ.

ಗಂಟೆ

ಪೈಪು ಹಾಕುವುದು ದೊಡ್ಡದಲ್ಲ, ಒಳಗಿನ ಗಾಳಿ ತೆಗೆಯುವುದು ದೊಡ್ಡದು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಟ್ಟು ಬಿಚ್ಚಿ ಗಾಳಿ ಬಿಡಬೇಕು. ಮಾವನವರನ್ನು ಕೂರಿಸಿದೆ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ, ಆಳುಗಳು ನಿಂತ ತೊಟ್ಟಿಲನ್ನು ನೆಲದಾಳಕ್ಕೆ ಇಳಿಸಿ ಏರಿಸುವ ಇಂಜಿನ್ ನಡೆಸಿ ರಿಟೈರ್ ಆದವರು.

ಕೆಳಗಿನಿಂದ "ಒತ್ತಿ ಮಾವಾ!" ಅಂತ ಕೂಗಿದೆ. ಪೆಡಲ್ ಅಲುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಊಹೂಂ. ತೆವಳಿಕೊಂಡು ಆಚೆ ಬಂದು ನೋಡಿದರೆ ನೆಟ್ಟಗೆ ಕೂತಿದ್ದಾರೆ.

"ಕೇಳಿಸಲಿಲ್ವಾ ಮಾವಾ?"

"ಕೇಳಿಸ್ತು. ಬಾಯಿ ಮಾತಿಗೆ ನಾನು ಯಾವತ್ತೂ ಇಂಜಿನ್ ಮುಟ್ಟಿಲ್ಲ ಅಳಿಯಾ. ಕೆಳಗಿರೋನು ಗಂಟೆ ಒಡೀಬೇಕು. ಎರಡು ಒಡೆದ್ರೆ ಕೆಳಕ್ಕೆ, ಮೂರು ಒಡೆದ್ರೆ ಮೇಲಕ್ಕೆ."

ಸರಿ, ಸ್ಪ್ಯಾನರಿನಲ್ಲಿ ಟಣ್ ಟಣ್ ಅಂತ ಬಡಿದೆ. ಪೆಡಲ್ ಇಳಿಯಿತು! ಕೆಲಸ ಚೆನ್ನಾಗಿಯೇ ಸಾಗಿತು. ಕೊನೆಗೊಮ್ಮೆ ನಟ್ಟು ಬಿಚ್ಚಿ, ಗಾಳಿ ಪೂರ್ತಿ ಹೋಗಿದೆಯಾ ಅಂತ ಮುಖ ಹತ್ತಿರ ಒಯ್ದಿದ್ದೆ. ಹೇಳದೆ ಕೇಳದೆ ಪೆಡಲ್ ಇಳಿದು ಆಯಿಲೆಲ್ಲ ನನ್ನ ಕನ್ನಡಕಕ್ಕೆ ಚಿಮ್ಮಿತು.

"ಯಾರು ಒತ್ತೋಕೆ ಹೇಳಿದ್ದು?"

"ಎರಡು ಗಂಟೆ ಬಂತಲ್ಲ!"

"ಅದು ಹಸು ತಲೆ ಒದರಿದ್ದು ಮಾವಾ, ಅದರ ಕೊರಳ ಗಂಟೆ!"

"ಯಾರಾದ್ರೇನು? ಗಂಟೆ ಗಂಟೇನೇ."

ಛತ್ರ

ಭಾನುವಾರ ಬೆಳಿಗ್ಗೆ ಕಾರು ಹೂವು ಮುಡಿದು ಮಾವನವರ ಬಾಗಿಲಲ್ಲಿ ನಿಂತಿತ್ತು. ಕನ್ನಡಿಗೂ ಹಾರ ಸುತ್ತಿದ್ದರಿಂದ ಹಿಂದಿನದೇನೂ ಕಾಣುತ್ತಿರಲಿಲ್ಲ. ಮದುಮಗ ಹಿಂದೆ ಹತ್ತಿ ಕೂತ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನನ್ನ ಜೀವ ಪೂರ್ತಿ ಎಡಗಾಲಿನಲ್ಲಿತ್ತು. ಕ್ಲಚ್ ಒತ್ತಿದೆ. ಬೆಣ್ಣೆಯಲ್ಲಿ ಕೂದಲೆಳೆದಷ್ಟು ಸಲೀಸಾಗಿ ಗೇರು ಬಿತ್ತು. ಇನ್ನು ನಿಲ್ಲಿಸಿದರೆ ಕೆಟ್ಟೆ ಅಂತ ಹೊರಟೇಬಿಟ್ಟೆ.

ಖುಷಿಗೆ ಬಾಯಿ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಮದುಮಗನಿಗೆ ಸಂಸಾರದ ಬುದ್ಧಿ ಹೇಳಿದೆ. ಹೆಂಡತಿ ಮಾತಿಗೆ ಎದುರಾಡಬೇಡ ಅಂದೆ. ಅವನು ನನಗೂ ಎದುರಾಡಲಿಲ್ಲ. ಒಳ್ಳೆಯ ಹುಡುಗ ಅಂದುಕೊಂಡೆ. ಜೇಬಿನಲ್ಲಿ ಫೋನು ಒಂದೇ ಸಮ ನಡುಗುತ್ತಿತ್ತು, ಎತ್ತಲಿಲ್ಲ.

ಬಂಗಾರಪೇಟೆ ಛತ್ರದ ಮುಂದೆ ವಾಲಗ ಶುರುವಾಯಿತು. ಹೆಣ್ಣಿನ ಕಡೆಯ ಮುತ್ತೈದೆಯರು ಆರತಿ ಹಿಡಿದು ಬಂದರು. ಹೆಣ್ಣಿನ ತಂದೆ ಕೈಮುಗಿದು ಹಿಂದಿನ ಬಾಗಿಲು ತೆರೆದರು. ಸೀಟಿನ ಮೇಲೆ ಒಂದು ಬುಟ್ಟಿ ಬಾಳೆಹಣ್ಣು ಇತ್ತು.

"ಇದೇನ್ ಸ್ವಾಮಿ, ಗಂಡು ಎಲ್ಲಿ?"

ಆಗ ಫೋನು ಎತ್ತಿದೆ. ಮದುಮಗ ತಾಯಿಯ ಕಾಲಿಗೆ ಬೀಳುವುದು ಮರೆತಿದ್ದನಂತೆ. ನಾನು ಗೇರು ಹಾಕುವಷ್ಟರಲ್ಲಿ ಇಳಿದಿದ್ದನಂತೆ.

ಅಷ್ಟರಲ್ಲಿ ಹಾಲಿನ ವ್ಯಾನೊಂದು ಬಂದು ನಿಂತಿತು. ಕ್ಯಾನುಗಳ ನಡುವಿನಿಂದ ಪೇಟ ಸರಿಮಾಡಿಕೊಳ್ಳುತ್ತ ಮದುಮಗ ಇಳಿದ. ಮುಂದಿನ ಸೀಟಿನಿಂದ ನನ್ನ ಹೆಂಡತಿ. ಮದುಮಗನನ್ನು ತಂದದ್ದು ಕಾರಲ್ಲ, ವ್ಯಾನು.

"ಲೇ, ಕ್ಲಚ್ಚು ಮಾತ್ರ..." ಅಂತ ಶುರು ಮಾಡಿದೆ.

ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು, ಛತ್ರದ ಮುಂದಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಕಾರೇನ್ ತಪ್ಪು ಮಾಡ್ತು? ಓಗು ಅಂದ್ರೆ ಓಯ್ತು. ಅದು ಇರ್ಲಿ. ಸೋಮವಾರ ಗುಜರಿಯೋನು ಬತ್ತಾನೆ, ನೀವು ರೆಡಿಯಾಗಿರಿ."