ಚೌಡಪ್ಪನ ಮುಡಿ ಮತ್ತು ಭಾಗ ಎರಡು

ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಬರೆದ ಪದ ಯಾವುದೆಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಬಲ್ಲೆ: ‘ಶೀಘ್ರದಲ್ಲೇ’. ಬಂಗಾರಪೇಟೆಯ ವರದಿಗಾರನಿಗೆ ಈ ಪದ ಅಡುಗೆಯವನಿಗೆ ಉಪ್ಪಿದ್ದ ಹಾಗೆ. ರಸ್ತೆ ಶೀಘ್ರದಲ್ಲೇ, ನೀರು ಶೀಘ್ರದಲ್ಲೇ, ಮುಚ್ಚಿದ ಚಿನ್ನದ ಗಣಿ ಮತ್ತೆ ತೆರೆಯುವುದೂ ಶೀಘ್ರದಲ್ಲೇ. ದಿನಾಂಕ ಬರೆದರೆ ನಾಳೆ ಯಾರಾದರೂ ಹಿಡಿದು ಕೇಳುತ್ತಾರೆ; ಶೀಘ್ರದಲ್ಲೇ ಎಂದು ಬರೆದವನನ್ನು ಯಾವ ಕ್ಯಾಲೆಂಡರೂ ಹಿಡಿಯಲಾರದು. ಖಚಿತಪಡಿಸಿಕೊಳ್ಳದೆ ಒಂದಕ್ಷರವನ್ನೂ ಬರೆಯಬಾರದೆಂದು ಕಲಿತು ಬಂದವನು ನಾನು. ಈ ಒಂದು ಪದವನ್ನು ಖಚಿತಪಡಿಸಿಕೊಳ್ಳುವುದು ಹೇಗೆಂದು ಮಾತ್ರ ಯಾರೂ ಕಲಿಸಲಿಲ್ಲ. ಅದರಿಂದ ಯಾರ ಕೂದಲೂ ಕೊಂಕುವುದಿಲ್ಲವೆಂದೇ ನಂಬಿದ್ದೆ. ಕೂದಲಿನ ಮಾತು ಸುಮ್ಮನೆ ಬಂದದ್ದಲ್ಲ.

ಏಳು ವರ್ಷಗಳ ಹಿಂದೆ ಮುಚ್ಚಿದ ನಂದಿದುರ್ಗ ಗಣಿಯ ಕಾರ್ಮಿಕರ ಹಳೆಯ ಲೈನ್‌ಮನೆಗಳ ಹತ್ತಿರ ಒಂದು ಸಿನಿಮಾ ತೆಗೆದರು. ಹೆಸರು ಬೇಡ, ಎರಡನೇ ಭಾಗದ ಹೆಸರಂತೂ ಈವರೆಗೆ ಎರಡು ಸಲ ಬದಲಾಗಿದೆ. ಮೊದಲ ಭಾಗದ ಕೊನೆಯಲ್ಲಿ ನಾಯಕ ಗಣಿಯ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಾನೆ, ಮೇಲಿನಿಂದ ಕಾರ್ಮಿಕರು ಬಗ್ಗಿ ನೋಡುತ್ತಾರೆ, ಅಲ್ಲಿಗೆ ಕಥೆ ನಿಲ್ಲುತ್ತದೆ. ಅಂದಿನಿಂದ ಅವನು ನೇತಾಡುತ್ತಲೇ ಇದ್ದಾನೆ. ಈ ನಡುವೆ ನಿರ್ದೇಶಕರು ನಿರ್ಮಾಪಕರೊಂದಿಗೆ ಮುನಿಸಿಕೊಂಡರು, ರಾಜಿಯಾದರು, ಮತ್ತೆ ಮುನಿಸಿಕೊಂಡರು. ಕಥೆಯನ್ನು ನಾಲ್ವರು ಬರೆದರು. ನಾಲ್ವರಿಗೂ ನಾಯಕನನ್ನು ಬಾವಿಯಿಂದ ಮೇಲೆತ್ತುವ ದಾರಿ ಸಿಗಲಿಲ್ಲ. ನಾಯಕನಟರು ದಪ್ಪಗಾಗುತ್ತ ಹೋದರು. ಆ ಹಗ್ಗ ಈಗ ಅವರನ್ನು ತಡೆಯುತ್ತದೆಯೇ ಎಂಬುದು ಗಣಿ ಪಕ್ಕದ ಆಂಡರ್ಸನ್‌ಪೇಟೆಯ ಟೀ ಅಂಗಡಿಗಳಲ್ಲಿ ಗಂಭೀರ ಚರ್ಚೆಯ ವಿಷಯ. ಮುಹೂರ್ತ ಮೂರು ಸಲ ನಡೆಯಿತು. ಮೂರು ಸಲವೂ ನಾನು ಬರೆದೆ: ‘ಚಿತ್ರೀಕರಣ ಶೀಘ್ರದಲ್ಲೇ’.

ಬಗ್ಗಿ ನೋಡಿದ ಕಾರ್ಮಿಕರ ಪಾತ್ರಧಾರಿಗಳಲ್ಲಿ ಮುಂದಿದ್ದವನು ಕ್ಯಾಸಂಬಳ್ಳಿ ಕಡೆಯ ಚೌಡಪ್ಪ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು. ಆಗವನು ದೊಡ್ಡ ಜ್ವರದಿಂದ ಬದುಕಿ ಬಂದಿದ್ದ. ಗಂಡ ಉಳಿದರೆ ಅವನ ಮುಡಿ ತಿರುಪತಿಯಲ್ಲಿ ಕೊಡಿಸುತ್ತೇನೆಂದು ಹೆಂಡತಿ ನಾರಾಯಣಮ್ಮ ಹರಕೆ ಹೊತ್ತಿದ್ದಳು. ದೇವರಿಗೆಂದು ಬೆಳೆಸಿದ ಆ ಕೂದಲು, ಗಡ್ಡ ಸಿನಿಮಾದವರ ಕಣ್ಣಿಗೆ ಬಿತ್ತು. ‘ಎರಡನೇ ಭಾಗದಲ್ಲಿ ಹಗ್ಗ ಎಳೆಯುವವನು ನೀನೇ, ಡೈಲಾಗೂ ಇದೆ. ಅಲ್ಲಿವರೆಗೂ ಕತ್ತರಿ ಮುಟ್ಟಿಸಬೇಡ, ಕಂಟಿನ್ಯುಟಿ ಹೋಗುತ್ತೆ, ಮೊದಲ ಭಾಗದ ರೂಪಕ್ಕೆ ತಾಳೆಯಾಗಲ್ಲ’ ಎಂದರು. ಡೈಲಾಗು ‘ಎಳೀರ್ಲಾ!’ ಎಂಬ ಒಂದೇ ಪದ. ಏಳು ವರ್ಷದಿಂದ ಚೌಡಪ್ಪ ಅದನ್ನು ಹಸುಗಳ ಮುಂದೆ ಅಭ್ಯಾಸ ಮಾಡುತ್ತಿದ್ದಾನೆ.

ಕಳೆದ ತಿಂಗಳು ನಾರಾಯಣಮ್ಮ ಬಂಗಾರಪೇಟೆಯ ನನ್ನ ಕಚೇರಿಗೇ ಬಂದಳು. ಮೂರು ಹಳೆಯ ಪತ್ರಿಕೆ ತುಣುಕುಗಳನ್ನು ಮೇಜಿನ ಮೇಲೆ ಹರಡಿದಳು. ಮೂರೂ ನನ್ನವೇ.

“ಅಣ್ಣಾ, ಆ ಕಂಟಿನಿಟಿ ಅನ್ನೋನು ಯಾರು? ಒಂದ್ಸಲ ನಂಗೆ ತೋರ್ಸು.”

“ಅದು ಮನುಷ್ಯ ಅಲ್ಲಮ್ಮ...”

“ಮನುಷ್ಯ ಅಲ್ಲ ಅಂತ ನಂಗೂ ಗೊತ್ತು. ಮನುಷ್ಯನಾಗಿದ್ರೆ ವೆಂಕಟರಮಣನ ಸೊತ್ತು ಇಷ್ಟು ವರ್ಸ ಇಟ್ಕೋತಿದ್ನಾ? ಮೊನ್ನೆ ನಮ್ಮೋನಿಗೆ ಮತ್ತೆ ಜ್ವರ ಬಂತು. ಓಗಾನ ನಡಿ ತಿರುಪತಿಗೆ ಅಂದ್ರೆ, ನಿನ್ ಪೇಪರ್ ತಂದು ಮುಖಕ್ಕೆ ಇಡೀತಾನೆ. ‘ಶೀಘ್ರ ಅಂತ ಆಕವ್ರೆ, ಈಗ ಬೋಳುಸ್ಕೊಂಡ್ರೆ ಈರೋನ ಯಾರೇ ಎಳೀತಾರೆ’ ಅಂತಾನೆ. ದೇವ್ರು ಇನ್ನೆಷ್ಟು ದಿನ ತಡಕೋತಾನಣ್ಣ?”

ಅವಳ ಕಣ್ಣಲ್ಲಿ ನಿಜವಾದ ಭಯವಿತ್ತು. “ಸಿನಿಮಾ ನಿಂತೋಯ್ತು ಅಂತ ಆಕ್ಬಿಡು” ಎಂದಳು. ಖಚಿತವಿಲ್ಲದ್ದನ್ನು ಹಾಕಲಾಗದು ಎಂದೆ. “ಮತ್ತೆ ಇದನ್ನ ಎಂಗೆ ಆಕ್ದೆ?” ಎಂದು ಮೂರು ತುಣುಕುಗಳ ಮೇಲೆ ಬೆರಳಿಟ್ಟಳು. ಸಂಪಾದಕರು ಕೂಡ ನನ್ನನ್ನು ಇಷ್ಟು ನೇರವಾಗಿ ಕೇಳಿದ್ದಿಲ್ಲ.

ಅವಳೆದುರೇ ಚಿತ್ರತಂಡದ ಮ್ಯಾನೇಜರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. “ಸ್ಕ್ರಿಪ್ಟ್ ಲಾಕ್ ಆಗಿದೆ ಸಾರ್. ಹೀರೋ ಡೇಟ್ಸ್ ಸಿಕ್ಕಿದ ಮುಂದಿನ ತಿಂಗಳೇ ಶೂಟಿಂಗು.” ಡೇಟ್ಸ್ ಯಾವಾಗ ಸಿಗುತ್ತದೆ ಎಂದೆ. “ಸ್ಕ್ರಿಪ್ಟ್ ಫೈನಲ್ ಆದ ಮೇಲೆ.” ಲಾಕ್ ಆಗಿದೆ ಎಂದಿರಲ್ಲ? “ಲಾಕ್ ಬೇರೆ, ಫೈನಲ್ ಬೇರೆ ಸಾರ್. ಅಂದಹಾಗೆ, ನಿಮ್ಮ ಚೌಕಳಿ ಶರ್ಟು ಜೋಪಾನ ಅಲ್ವಾ?”

ನಾರಾಯಣಮ್ಮ ನನ್ನ ಮುಖ ನೋಡಿದಳು. ಓದುಗರಿಂದ ಈವರೆಗೆ ಮುಚ್ಚಿಟ್ಟ ಒಂದು ಸಂಗತಿಯನ್ನು ಈಗ ದಾಖಲಿಸಬೇಕು. ಆ ಕೊನೆಯ ದೃಶ್ಯದಲ್ಲಿ ಚೌಡಪ್ಪನ ಹಿಂದೆ, ನೋಟ್‌ಬುಕ್ ಹಿಡಿದ ಪತ್ರಕರ್ತನಾಗಿ ನಾನೂ ನಿಂತಿದ್ದೆ. ಎರಡನೇ ಭಾಗದಲ್ಲಿ ನನಗೂ ಒಂದು ಪ್ರಶ್ನೆ ಇದೆ ಎಂದಿದ್ದರು. ಕಂದು ಚೌಕಳಿಯ ಆ ಶರ್ಟು ಏಳು ವರ್ಷದಿಂದ ನಮ್ಮ ಬೀರುವಿನಲ್ಲಿ ಹ್ಯಾಂಗರಿಗೆ ನೇತಾಡುತ್ತಿದೆ, ನಾಯಕನ ಹಾಗೆಯೇ. ಮೂರು ವರದಿಗಳನ್ನು ಬರೆಯುವಾಗಲೂ ನನ್ನ ಕಣ್ಣಿಗೆ ಕಟ್ಟಿದ್ದು ಆ ಶರ್ಟು, ಚೌಡಪ್ಪನ ತಲೆಯಲ್ಲ.

“ಓ, ನಿಂಗೂ ಇಡ್ಕೊಂಡೈತಾ ಕಂಟಿನಿಟಿ!” ಎಂದಳು ನಾರಾಯಣಮ್ಮ.

ಮರುದಿನ ನಾಲ್ಕು ಸಾಲು ಬರೆದೆ: ಎರಡನೇ ಭಾಗದ ಕಥೆ ಅಂತಿಮವಾಗಿಲ್ಲ, ನಾಯಕನ ದಿನಾಂಕ ಸಿಕ್ಕಿಲ್ಲ, ಚಿತ್ರೀಕರಣ ಯಾವಾಗ ಎಂಬುದನ್ನು ಚಿತ್ರತಂಡ ತಿಳಿಸಿಲ್ಲ. ಅಷ್ಟೆ. ಅದರಲ್ಲಿ ಹೊಸ ಸಂಗತಿ ಒಂದೂ ಇರಲಿಲ್ಲ. ಏಳು ವರ್ಷದಿಂದ ಅದೇ ನಿಜ.

ವಾರ ಕಳೆದು ಬೋಳುತಲೆಯ ಅಪರಿಚಿತನೊಬ್ಬ ಕಚೇರಿಗೆ ಬಂದು ತಿರುಪತಿ ಲಡ್ಡು ಮುಂದಿಟ್ಟ. ದನಿಯಿಂದ ಗುರುತು ಹಿಡಿದೆ, ಚೌಡಪ್ಪ. “ಪೇಪರ್ನಾಗೇ ಬಂದ್ಮೇಲೆ ಇನ್ನೇನು ಸಾ, ಕೊಟ್ಬಂದೆ” ಎಂದು ತಲೆ ಸವರಿಕೊಂಡ. ತಲೆ ಹಗುರಾಗಿದೆಯಂತೆ. ಹಸುಗಳು ಮಾತ್ರ ಎರಡು ದಿನ ಹತ್ತಿರ ಸೇರಿಸಲಿಲ್ಲವಂತೆ. ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದ: “ನಂದು ಓಯ್ತು. ನಿಮ್ ಸರ್ಟು ಏನ್ ಮಾಡಿದ್ರಿ ಸಾ?”

ಅದನ್ನು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಹಾಕಿಬಿಡಿ ಎಂದು ನನ್ನ ಹೆಂಡತಿ ವರ್ಷಗಳಿಂದ ಹೇಳುತ್ತಲೇ ಇದ್ದಾಳೆ. ಬಾಯಲ್ಲಿ ಲಡ್ಡು ಇದ್ದದ್ದರಿಂದ ಉದ್ದ ಮಾತು ಸಾಧ್ಯವಿರಲಿಲ್ಲ.

“ಕೊಡ್ತೀನಿ ಚೌಡಪ್ಪ” ಎಂದೆ. “ಶೀಘ್ರದಲ್ಲೇ.”