ಮುದ್ದೆಮಾಲು ಹುಂಜದವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀಮಾನ್ ಕೆಂಪು ಹುಂಜದವರು,
ಮಾಜಿ ಮುದ್ದೆಮಾಲು, ಹಾಲಿ ವಿಳಾಸ ಗೊತ್ತಿಲ್ಲ.

ವಿಷಯ: ನಾನು ಆರೋಪಿಯಾಗಿದ್ದೆನೆಂದು ಸಾಬೀತುಪಡಿಸಿಕೊಡುವ ಬಗ್ಗೆ.

ಮಾನ್ಯರೇ,

ತಮ್ಮ ಕೆಂಪು ಜುಟ್ಟಿಗೆ, ಬಾಲದ ಗರಿಗಳಿಗೆ, ನಸುಕು ಹರಿಯುವ ಮುಂಚೆಯೇ ಓಣಿಯನ್ನೆಲ್ಲ ಎಬ್ಬಿಸಿ ಬೈಸಿಕೊಳ್ಳುತ್ತಿದ್ದ ತಮ್ಮ ಕಂಠಕ್ಕೆ ಲಿಂಗಸುಗೂರಿನಿಂದ ಅಮರೇಶ್ವರಿ ಮಾಡುವ ನಮಸ್ಕಾರಗಳು. ತಾವು ಇನ್ನೂ ಬದುಕಿದ್ದರೆ ಈ ಪತ್ರವನ್ನು ಯಾರಿಂದಲಾದರೂ ಓದಿಸಿ ಕೇಳಬೇಕೆಂದೂ, ಯಾರದೋ ಮನೆಯ ಸಾರಿನಲ್ಲಿ ಮುಕ್ತಿ ಪಡೆದಿದ್ದರೆ ತಮ್ಮ ವಾರಸುದಾರರಿಗೆ ದಾಟಿಸಬೇಕೆಂದೂ ವಿನಂತಿ. ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮವಿಲ್ಲದವಳು ನಾನೊಬ್ಬಳೇ, ಅದೂ ತಮ್ಮ ದಯೆಯಿಂದ.

ತಮಗೆ ಮರೆತಿರಬಹುದು, ದೊಡ್ಡವರಿಗೆ ಮರೆವು ಸಹಜ, ಆದ್ದರಿಂದ ನೆನಪಿಸುತ್ತೇನೆ. ನಾನು ಬಳಗಾನೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಅತ್ತೆ ಪಕೀರಮ್ಮನವರು ತಮ್ಮ ಕಿರಿಯ ಮಗ, ಅಂದರೆ ನನ್ನ ಮೈದುನ ಲಕ್ಷ್ಮಣನಿಗೆ ಬುದ್ಧಿ ಬರಲಿ ಎಂದು ತಮ್ಮನ್ನು ದುರುಗಮ್ಮ ದೇವಿಗೆ ಹರಕೆ ಬಿಟ್ಟಿದ್ದರು. ನಮ್ಮ ಮನೆತನದಲ್ಲಿ ಹರಕೆಯ ಹುಂಜವನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಬಾಯಿತಪ್ಪಿಯೂ ‘ನಮ್ಮದು’ ಎನ್ನುವಂತಿಲ್ಲ. ಯಾರೇ ಕೇಳಲಿ, ‘ದುರುಗಮ್ಮಂದು’ ಎನ್ನಬೇಕು, ಇಲ್ಲದಿದ್ದರೆ ಹರಕೆ ಮುರಿಯುತ್ತದೆ. ಈ ಗತ್ತಿನಲ್ಲಿ ತಾವು ಊರವರ ಅಂಗಳದ ಭತ್ತವನ್ನೆಲ್ಲ ಹಗಲುಹೊತ್ತಿನಲ್ಲೇ ಮೇಯ್ದು ಬೆಳೆದಿರಿ. ದೇವರ ಹೆಸರು ಹೇಳಿ ಊರು ಮೇಯುವವರಲ್ಲಿ ತಾವೇ ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲವಾದ್ದರಿಂದ ಆ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು ಸಂಕ್ರಾಂತಿಯ ಮರುದಿನದ ಬಗ್ಗೆ. ಯಾರ ಬುದ್ಧಿಗಾಗಿ ತಮ್ಮನ್ನು ಹರಕೆ ಬಿಟ್ಟಿದ್ದರೋ ಆ ಲಕ್ಷ್ಮಣನೇ ತಮ್ಮನ್ನು ಟವೆಲಿನಲ್ಲಿ ಸುತ್ತಿಕೊಂಡು ಕಾಲುವೆಯ ಆಚೆಗಿನ ಕೋಳಿಪಂದ್ಯಕ್ಕೆ ಹೋದ. ಅತ್ತೆ ಎದೆ ಎದೆ ಬಡಿದುಕೊಂಡು, “ಹೋಗ್ ಬೇ, ದೇವಿ ಹುಂಜಕ್ಕ ಏನರ ಆದ್ರ ನಮ್ಮ ಮನಿ ಉಳಿಯಂಗಿಲ್ಲ” ಎಂದು ನನ್ನನ್ನು ಅಟ್ಟಿದರು. ನಾನು ಗದ್ದೆಯ ಬದುವಿನ ಮೇಲೆ ಓಡಿಹೋಗಿ, ಗುಂಪಿನಲ್ಲಿ ನುಗ್ಗಿ, ತಮ್ಮನ್ನು ಕಿತ್ತುಕೊಂಡು ಕಂಕುಳಲ್ಲಿ ಇರುಕಿಕೊಂಡೆ. ಅದೇ ಹೊತ್ತಿಗೆ ಪೊಲೀಸರು ಬಂದರು. ಗಂಡಸರೆಲ್ಲ ಓಡಿದರು, ಲಕ್ಷ್ಮಣನಂತೂ ಕಾಲುವೆ ಹಾರಿ ಓಡಿದ, ತಮ್ಮ ಎದುರಾಳಿ ಹುಂಜವೂ ಓಡಿತು. ತಮ್ಮನ್ನು ಕೈಬಿಟ್ಟಿದ್ದರೆ ನಾನೂ ಓಡಬಹುದಿತ್ತು, ಆದರೆ ದೇವಿಯ ಆಸ್ತಿಯನ್ನು ಕೈಬಿಡುವುದು ಹೇಗೆ? ಕಾನ್‌ಸ್ಟೇಬಲ್ ಗ್ಯಾನಪ್ಪನವರು ಏದುಸಿರು ಬಿಡುತ್ತ, “ಯಾರ್ದವಾ ಈ ಹುಂಜ?” ಎಂದರು. ನಾನು ಪದ್ಧತಿಯಂತೆ, “ದುರುಗಮ್ಮಂದ್ರೀ” ಎಂದೆ. “ಗಂಡನ ಹೆಸರು?” ಎಂದರು, “ಶರಣಬಸವ” ಎಂದೆ. ಅವರು ಬರೆದುಕೊಂಡರು.

ಹೀಗೆ ನಾನು ಆರೋಪಿಯಾದೆ, ತಾವು ಮುದ್ದೆಮಾಲು, ಅಂದರೆ ಜಪ್ತಿಯಾದ ಮಾಲು ಆದಿರಿ. ಠಾಣೆಯಲ್ಲಿ ತಮಗೆ ಕಾಳು, ನೀರು, ನೆರಳು ಎಲ್ಲ ಸಿಕ್ಕಿತು. ನನಗೆ ಬೆಂಚು ಸಿಕ್ಕಿತು. ಜೀವಂತ ಮಾಲನ್ನು ಇಟ್ಟುಕೊಳ್ಳಲು ಜಾಗವಿಲ್ಲವೆಂದು ತಮ್ಮನ್ನು ಹರಾಜು ಹಾಕಿದ ಮೇಲೆ ತಾವು ಕಾಲುವೆ ಬಯಲಿನ ವಲಸಿಗರ ಯಾವ ಕ್ಯಾಂಪಿನ ಕಡೆ ಹೋದಿರೋ ತಿಳಿಯದು, ಒಂದು ಸಲ ತಿರುಗಿಯೂ ನೋಡಲಿಲ್ಲವಂತೆ. ಸಿಂಧನೂರಿನ ಕೋರ್ಟಿನಲ್ಲಿ ಕೇಸು ನಡೆದು ಕೊನೆಗೆ ಖುಲಾಸೆಯಾಯಿತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ನಾವು ಲಿಂಗಸುಗೂರಿಗೆ ಬಂದು ನೆಲೆಸಿದೆವು, ನಾನು ತಮ್ಮನ್ನು ಮರೆತೂ ಬಿಟ್ಟಿದ್ದೆ.

ಈಗ ಕೇಳಿ. ನಾನು ಬಸ್ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾದೆ. ನಮ್ಮ ಎರಡೂ ಮನೆತನಗಳಲ್ಲಿ ಸರ್ಕಾರದ ಸಂಬಳ ಎಣಿಸುವ ಮೊದಲನೆಯ ಹೆಂಗಸು ನಾನಾಗುವವಳಿದ್ದೆ. ಆ ಖಾಕಿ ಅಂಗಿಯನ್ನು ಕನಸಿನಲ್ಲಿ ಎಷ್ಟು ಸಲ ಇಸ್ತ್ರಿ ಮಾಡಿದ್ದೇನೋ ನನಗೇ ಗೊತ್ತು. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ? ನನ್ನ ಗಂಡ ಶರಣಬಸವ, “ಸುಮ್ನ ಇಲ್ಲ ಅಂತ ಬರಿ, ಕೋಳಿ ಕೇಸು ಒಂದು ಕೇಸೇನು” ಎಂದರು. ನಾನು, ಸತ್ಯಕ್ಕೆ ಸಾವಿಲ್ಲ ಎಂದು ‘ಹೌದು’ ಎಂದು ಬರೆದೆ. ಸತ್ಯಕ್ಕೆ ಸಾವಿಲ್ಲ ನಿಜ, ಸತ್ಯ ಹೇಳಿದವರಿಗೆ ಮಾತ್ರ ಓಡಾಟ ಬಹಳ. ತೀರ್ಪಿನ ದೃಢೀಕೃತ ನಕಲನ್ನು ತಿಂಗಳೊಳಗೆ ತಂದು ಒಪ್ಪಿಸದಿದ್ದರೆ ಆಯ್ಕೆ ರದ್ದು ಎಂದು ಪತ್ರ ಬಂತು.

ಲಿಂಗಸುಗೂರಿನಲ್ಲಿ ವಿಚಾರಿಸಿದಾಗ ನನ್ನ ಹೆಸರಿನಲ್ಲಿ ಯಾವ ಅಪರಾಧವೂ ಇಲ್ಲವೆಂದು ಹೇಳಿ ಶುಭ ಹಾರೈಸಿದರು. ಬಳಗಾನೂರು ಈಗ ಮಸ್ಕಿ ತಾಲೂಕಿಗೆ ಸೇರಿದೆಯಲ್ಲ ಎಂದು ಮಸ್ಕಿಗೆ ಹೋದರೆ, ತಾಲೂಕು ಹೊಸದು, ನನ್ನ ಕೇಸು ಹಳೆಯದು, ಸಿಂಧನೂರಿನಲ್ಲೇ ಕೇಳಬೇಕು ಎಂದು ಸರಿಯಾಗಿಯೇ ದಾರಿ ತೋರಿಸಿದರು. ಸಿಂಧನೂರಿನ ಕೋರ್ಟಿನಲ್ಲಿ ನಕಲು ಅರ್ಜಿ ತೆಗೆದುಕೊಂಡೆ. ಪ್ರಕರಣದ ಸಂಖ್ಯೆ ಎಂಬಲ್ಲಿ ‘ಹುಂಜದ ಕೇಸು’ ಎಂದು ಬರೆದೆ, ಏಕೆಂದರೆ ಊರಿನಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ವರ್ಷ ಎಂಬಲ್ಲಿ ‘ಕಾಲುವೆಗೆ ನೀರು ತಡವಾಗಿ ಬಂದ ವರ್ಷ’ ಎಂದು ಬರೆದೆ. ಗುಮಾಸ್ತರು ಸಿಟ್ಟಾಗಲಿಲ್ಲ. “ಕಾಲುವಿ ನೀರು ಪ್ರತಿ ವರ್ಷ ತಡಾ ಆಗೇ ಬರ್ತಾವಲ್ಲವಾ, ಕಂಪ್ಯೂಟರ್‌ಗೆ ಯಾವ ವರ್ಷ ಅಂತ ಹೇಳ್ಲಿ?” ಎಂದು ನಕ್ಕು, ನನ್ನ ಹೆಸರು ಹಾಕಿ ಹುಡುಕಿದರು. ಅಮರೇಶ್ವರಿ ಎಂಬ ಆರೋಪಿಯೇ ಇಲ್ಲ. ಮಾನ್ಯರೇ, ಜಗತ್ತಿನಲ್ಲಿ ಎಲ್ಲರೂ ‘ನಾನಲ್ಲ, ನಾನಲ್ಲ’ ಎಂದು ಕೈಮುಗಿಯುವ ಆ ಕಟ್ಟಡದಲ್ಲಿ ‘ನಾನೇ ರೀ, ದಯಮಾಡಿ ನಂಬಿ’ ಎಂದು ಗೋಗರೆಯುತ್ತ ನಿಂತವಳು ನಾನೊಬ್ಬಳೇ.

ಅಳು ಬಂತು. ಅತ್ತು ಮುಗಿಸಿ, ನನ್ನನ್ನು ಹಿಡಿದವರನ್ನೇ ಹಿಡಿಯೋಣವೆಂದು, ನಿವೃತ್ತರಾಗಿ ಮಸ್ಕಿಯಲ್ಲಿರುವ ಗ್ಯಾನಪ್ಪನವರ ಮನೆಗೆ ಹೋದೆ. ಅವರು ನನ್ನನ್ನು ನೋಡಿದ್ದೇ ಮುಖವರಳಿಸಿ, “ಬಾರವಾ ದುರುಗಮ್ಮ, ಆರಾಮದೀಯೇನು?” ಎಂದರು. ನನ್ನ ಹೆಸರು ಅಮರೇಶ್ವರಿ ಎಂದಾಗ ಅವರು ಚಹಾದ ಕಪ್ಪು ಕೆಳಗಿಟ್ಟರು. “ಹುಂಜ ಯಾರ್ದು ಅಂದ್ರ ನೀನ ದುರುಗಮ್ಮಂದು ಅಂದ್ಯಲ್ಲವಾ! ಹುಂಜ ನಿನ್ನ ಕಂಕುಳಾಗಿತ್ತು, ನಿನ್ನ ಹೆಸರ ದುರುಗಮ್ಮ ಅಂದ್ಕೊಂಡು ಬರಕೊಂಡೆ” ಎಂದರು. ಅವರದೇನು ತಪ್ಪು? ನಮ್ಮ ಕಡೆ ಓಣಿಗೊಬ್ಬಳು ದುರುಗಮ್ಮ ಇದ್ದೇ ಇರುತ್ತಾಳೆ. ಕೋರ್ಟಿನಲ್ಲಿ ‘ದುರುಗಮ್ಮಾ’ ಎಂದು ಕೂಗಿದಾಗಲಾದರೂ ನನಗೆ ತಿಳಿಯಬೇಕಿತ್ತು. ಅಲ್ಲಿ ದೇವರ ಹೆಸರು ಹೇಳಿಯೇ ಶುರು ಮಾಡುತ್ತಾರೆಂದು ಕೇಳಿದ್ದ ನಾನು ಭಕ್ತಿಯಿಂದ ಕೈಮುಗಿದು ಮುಂದೆ ಹೋಗಿದ್ದೆ. ಕೈಮುಗಿದು ಮುಂದೆ ಬಂದವಳೇ ಆರೋಪಿ ಎಂದು ಅವರು ತಿಳಿದರು. ಕಾಗದಗಳ ಮೇಲೆ ನಾನು ಹಾಕಿದ ಸಹಿಯಾದರೂ ಕಾಪಾಡುತ್ತಿತ್ತೇನೋ, ಆದರೆ ನನ್ನದು ಕೋಳಿಕಾಲು ಅಕ್ಷರ.

ಸಿಂಧನೂರಿನ ಕೋರ್ಟಿಗೆ ಮರಳಿ ಆ ಹೆಸರು ಹಾಕಿಸಿದ್ದೇ ತಡ, ಕಡತ ಸಿಕ್ಕಿತು: ಸರ್ಕಾರ ವಿರುದ್ಧ ದುರುಗಮ್ಮ, ಗಂಡ ಶರಣಬಸವ. ಗುಮಾಸ್ತರು ನನ್ನ ಗುರುತಿನ ಚೀಟಿಯನ್ನೂ ಪರದೆಯನ್ನೂ ನೋಡಿ, “ನಿಮ್ಮ ಯಜಮಾನ್ರಿಗೆ ಇಬ್ಬರು ಹೆಂಡ್ರೇನ್ರೀ?” ಎಂದು ಮೆಲ್ಲಗೆ ಕೇಳಿದರು. ಪಕ್ಕದಲ್ಲಿದ್ದ ನನ್ನ ಗಂಡ ಬೆವತುಹೋದರು. ಪ್ರಕರಣಕ್ಕೆ ಸೇರದವರೂ ಕಾರಣ ತಿಳಿಸಿ ಪ್ರಮಾಣಪತ್ರ ಹಾಕಿದರೆ ನಕಲು ಕೇಳಬಹುದೆಂದು ಅವರೇ ಹೇಳಿಕೊಟ್ಟಿದ್ದರಿಂದ, ನನ್ನದೇ ಕೇಸಿಗೆ ನಾನು ಹೊರಗಿನವಳಾಗಿ ಅರ್ಜಿ ಹಾಕಿ ತೀರ್ಪು ಪಡೆದೆ. ಅದರಲ್ಲಿ ನ್ಯಾಯಾಧೀಶರು ಬಂಗಾರದಂಥ ಮಾತು ಬರೆದಿದ್ದಾರೆ: ಒಬ್ಬಳೇ ಹೆಂಗಸು ಒಂದೇ ಹುಂಜವನ್ನು ಹಿಡಿದು ನಿಂತಿದ್ದರೆ ಅದು ಪಂದ್ಯವಾಗುವುದಿಲ್ಲ, ಆದ್ದರಿಂದ ದುರುಗಮ್ಮ ದೋಷಮುಕ್ತಳು.

ನಕಲನ್ನು ನೇಮಕಾತಿ ಕಚೇರಿಗೆ ಒಯ್ದೆ. ಅಲ್ಲಿನವರು ಕರುಣಾಳುಗಳು. ಇದು ಬೇರೆ ಯಾರದೋ ಕೇಸು, ‘ಹೌದು’ ಎಂಬುದನ್ನು ಹೊಡೆದುಹಾಕಿ ‘ಇಲ್ಲ’ ಎಂದು ಬರೆದುಬಿಡಿ, ನಾಳೆಯೇ ಆದೇಶ ಎಂದರು. ಪೆನ್ನು ಕೂಡ ಕೊಟ್ಟರು. ನಾನು ಪೆನ್ನು ಹಿಡಿದೆ, ಬರೆಯಲಾಗಲಿಲ್ಲ. ನಾನು ‘ಇಲ್ಲ’ ಎಂದರೆ ಆ ಜೂಜಿನ ಕೇಸಿನಲ್ಲಿ ಉಳಿಯುವವರು ಯಾರು? ಸರ್ಕಾರದ ಕಡತದಲ್ಲಿ ದುರುಗಮ್ಮ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ನಾನು ಬಸ್ಸು ಹತ್ತಲೇ? ಇಷ್ಟು ದಿನ ನನ್ನ ಬದಲು ನಿಂತಿದ್ದೇ ಸಾಕಲ್ಲವೇ? ನೌಕರಿ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ನೌಕರಿಯೂ ಬೇಕಿತ್ತು. ಆದರೂ ಪೆನ್ನು ವಾಪಸ್ ಕೊಟ್ಟು, ಆ ಆರೋಪಿ ನಾನೇ, ಸಾಬೀತು ಮಾಡುತ್ತೇನೆ ಎಂದೆ.

ಆದ್ದರಿಂದ ಮಾನ್ಯರೇ, ಈ ಕೆಳಗಿನ ಉಪಕಾರಗಳನ್ನು ತಮ್ಮಿಂದ ಬೇಡಿದ್ದೆ ಎಂದು ತಿಳಿಯಿರಿ. ತಾವು ನೋಟರಿಯ ಮುಂದೆ ಹಾಜರಾಗಿ, ‘ನನ್ನನ್ನು ಇರುಕಿಕೊಂಡ ಕಂಕುಳು ಇದೇ’ ಎಂದು ಗುರುತಿಸಿ, ಕಾಲಿನ ಮುದ್ರೆ ಒತ್ತಬೇಕಿತ್ತು. ಅಂದು ಓಡಿಹೋದವರನ್ನೂ ಗುರುತಿಸಿದ್ದರೆ ಆಗ ನಮ್ಮ ಲಕ್ಷ್ಮಣನ ಮುಖ ನೋಡಲು ನಾನೇ ದುಡ್ಡು ಕೊಟ್ಟು ಟಿಕೆಟ್ ತೆಗೆಸುತ್ತಿದ್ದೆ. ತಾವು ಬರಲಿಲ್ಲ. ಬಂದವರು ಗ್ಯಾನಪ್ಪನವರು, ತಮ್ಮ ಮಂಡಿನೋವನ್ನೂ ಕಟ್ಟಿಕೊಂಡು. “ನಾ ಹಿಡದಾಕಿ ಈಕಿನ” ಎಂದು ಪ್ರಮಾಣ ಮಾಡಿ ಸಹಿ ಹಾಕಿದರು. ಅದನ್ನೂ ತೀರ್ಪನ್ನೂ ಜೋಡಿಸಿ, ಕೊನೆಯ ದಿನ, ಕಚೇರಿಯ ಬಾಗಿಲು ಮುಚ್ಚುವ ಮುಂಚೆ ಒಪ್ಪಿಸಿದೆ.

ನಿನ್ನೆ ಆದೇಶ ಬಂತು. ಹೆಸರಿನ ಜಾಗದಲ್ಲಿ ‘ಅಮರೇಶ್ವರಿ ಉರ್ಫ್ ದುರುಗಮ್ಮ’ ಎಂದು ಅಚ್ಚಾಗಿದೆ. ಅತ್ತೆ ಅದನ್ನು ಓದಿಸಿಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ, “ಇನ್ನ ಮ್ಯಾಲೆ ನಿನ್ನ ಹ್ಯಾಂಗ ಬೈಲಿ ಬೇ, ತಾಯಿಗೇ ಬೈದಂಗ ಆಗ್ತದಲ್ಲ” ಎಂದರು. ಸಂಜೆ ಹಾಲು ಉಕ್ಕಿಸಿದ್ದಕ್ಕೆ ಬೈದರು, ಬೈದು ಕೆನ್ನೆ ಬಡಿದುಕೊಂಡರು.

ತಮ್ಮನ್ನು ಇಂದಿಗೂ ‘ನನ್ನದು’ ಎನ್ನದ,
ತಮ್ಮ ವಿಶ್ವಾಸಿ,
ಅಮರೇಶ್ವರಿ ಉರ್ಫ್ ದುರುಗಮ್ಮ, ಗಂಡ ಶರಣಬಸವ (ಹೆಂಡತಿ ಒಬ್ಬಳೇ)
ಲಿಂಗಸುಗೂರು

ತಾ.ಕ.: ಸೋಮವಾರದಿಂದ ಲಿಂಗಸುಗೂರು–ಮಸ್ಕಿ–ಸಿಂಧನೂರು ಬಸ್ಸಿನಲ್ಲಿ ನನ್ನ ಡ್ಯೂಟಿ. ಹೆಂಗಸರಿಗೆ ಪ್ರಯಾಣ ಉಚಿತ, ಹುಂಜಗಳಿಗೆ ಅರ್ಧ ಟಿಕೆಟ್. ತಾವಾಗಲಿ ತಮ್ಮ ಮೊಮ್ಮಕ್ಕಳಾಗಲಿ ಯಾವ ದೇವರ ಕಡೆಯವರೆಂದು ಹೇಳಿಕೊಂಡು ಹತ್ತಿದರೂ ಟಿಕೆಟ್ ಹರಿಯದೆ ಬಿಡುವವಳಲ್ಲ ನಾನು. ಚಿಲ್ಲರೆ ತಂದಿರಿ.