‘ಕಳೆ’ ಎಂಬ ಹಣ್ಣು

ನನ್ನ ಸೋದರಮಾವ ಜೇನುನೊಣವನ್ನೂ ನಂಬುವುದಿಲ್ಲ!

ಇದನ್ನು ಅಲಂಕಾರದ ಮಾತೆಂದು ದಯವಿಟ್ಟು ತಳ್ಳಿಹಾಕಬೇಡಿ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು ನಾನು. ಸಾಕ್ಷ್ಯವಿಲ್ಲದೆ ಒಂದು ವಾಕ್ಯವನ್ನೂ ಮಂಡಿಸುವ ಅಭ್ಯಾಸ ನನಗಿಲ್ಲ. ಹಿರೇಕೊಡಿಗೆಯಲ್ಲಿ ಅವರ ಕೊಟ್ಟಿಗೆಯ ಹಿಂದಿನ ಬೇಲಿಯಾಚೆ ನಿಂತು ಇಣುಕಿದರೆ ಸಾಕ್ಷ್ಯ ಸಿಗುತ್ತದೆ. ಅಲ್ಲಿ ಮುಳ್ಳಿನ ಗಿಡಗಳ ಮೇಲೆ ಒಂದೊಂದು ಹೂವಿಗೂ ಬೆಣ್ಣೆಕಾಗದದ ಟೊಪ್ಪಿಗೆ ತೊಡಿಸಿ, ಕುತ್ತಿಗೆಗೆ ದಾರ ಕಟ್ಟಿರುತ್ತಾರೆ. ಜೇನುನೊಣ ಬಂದು ಕೂರಬಾರದು ಎಂಬುದೇ ಉದ್ದೇಶ. ಪಾಪ, ಅದೇನು ತಪ್ಪು ಮಾಡಿತು ಎಂದು ಒಮ್ಮೆ ಕೇಳಿದ್ದೆ.

“ಅದು ಎಲ್ಲೆಲ್ಲಿ ಹೋಗಿ ಬಂದಿದೆ ಅಂತ ನಾವು ಕೇಳಕ್ಕಾಗ್ತದ ಮಾರಾಯ್ತಿ?” ಎಂದರು ಮಾವ.

ಕೇಳಲಾಗುವುದಿಲ್ಲ, ನಿಜ. ಹಾಗೆಂದು ಟೊಪ್ಪಿಗೆಯೇ? ಆದರೆ ವಿಷಯವನ್ನು ಅರ್ಧಕ್ಕೆ ಬಿಟ್ಟು ಹಾಸ್ಯ ಮಾಡುವುದು ನ್ಯಾಯವಲ್ಲ. ಶೃಂಗೇರಿಗೆ ಹೋಗುವ ದಾರಿಯಂಚಿನ ಮಣ್ಣಿನ ದರೆಗಳ ಮೇಲೆ ಒಂದು ಮುಳ್ಳಿನ ಗಿಡ ಹಬ್ಬಿರುವುದನ್ನು ನೀವು ನೋಡಿರಬಹುದು. ಸಣ್ಣ ಮಣಿಗಳನ್ನು ಒತ್ತೊತ್ತಾಗಿ ಪೋಣಿಸಿದಂತಹ ಅದರ ಹಣ್ಣನ್ನು ಶಾಲೆಗೆ ಹೋಗುವಾಗ ಕಿತ್ತು ತಿಂದು, ಸಮವಸ್ತ್ರಕ್ಕೆ ಕಲೆ ಮಾಡಿಕೊಂಡು ಬೈಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಅದು ರಾಸ್ಪ್‌ಬೆರಿಯ ಕಾಡು ನೆಂಟ. ಅದರ ಗಟ್ಟಿತನವನ್ನೂ, ಬೆಟ್ಟದ ಮೇಲಿನ ಯಾವುದೋ ನರ್ಸರಿಯಿಂದ ತಂದ ಚಳಿದೇಶದ ಕೆಂಪು ರಾಸ್ಪ್‌ಬೆರಿಯ ಗಾತ್ರ ಮತ್ತು ಸಿಹಿಯನ್ನೂ ಒಂದುಗೂಡಿಸಿ, ನಮ್ಮ ಮಳೆಗೆ ಕೊಳೆಯದ ಹೊಸ ಕೆಂಪು ತಳಿಯೊಂದನ್ನು ಹುಟ್ಟಿಸಬೇಕೆಂದು ಮಾವ ಹನ್ನೆರಡು ವರ್ಷಗಳಿಂದ ಹಟ ಹಿಡಿದಿದ್ದರು. ಹೂವು ಅರಳುವ ಮೊದಲೇ ಚಿಮಟದಿಂದ ಅದರ ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗವನ್ನು ಕುಂಚದಿಂದ ಸವರಿ, ಟೊಪ್ಪಿಗೆ ಹಾಕಬೇಕು. ಆಮೇಲೆ ಬೀಜ, ಸಸಿ, ಆಯ್ಕೆ, ಮತ್ತೆ ಬೀಜ. ಇಷ್ಟೆಲ್ಲ ಮಾಡುವವರನ್ನು ವಿಜ್ಞಾನಿ ಎನ್ನಬೇಕು. ಊರಿನವರು ‘ಹೂವಿಗೆ ಮಾಟ ಮಾಡುವವರು’ ಎಂದರು!

ಊರಿನವರನ್ನು ಮಾತ್ರ ದೂಷಿಸಲಾರೆ. ಹಣ್ಣಿನ ಕಾಲದಲ್ಲಿ ಮಾವ ಗಿಡದ ಮುಂದೆ ಕಣ್ಣು ಮುಚ್ಚಿ ನಿಂತು, ಒಂದೊಂದೇ ಹಣ್ಣನ್ನು ಬೆರಳ ತುದಿಯಿಂದ ಮುಟ್ಟುತ್ತಿದ್ದರು. ಮಾಗಿದ ರಾಸ್ಪ್‌ಬೆರಿ ಮುಟ್ಟಿದರೆ ಸಾಕು, ಬಿಳಿಯ ದಿಂಡನ್ನು ಗಿಡದಲ್ಲೇ ಬಿಟ್ಟು ಕೈಗೆ ಕಳಚಿ ಬರುತ್ತದೆ. ಕಣ್ಣಿದ್ದವರು ಬಣ್ಣ ನೋಡಿ ಕೀಳುತ್ತಾರಲ್ಲವೇ? ಇವರಿಗೇಕೆ ಈ ಧ್ಯಾನ? ನನಗೂ ಸಂಶಯ ಬಂದಿತ್ತು.

ಇನ್ನು ಕಳ್ಳರ ಭಯ. ತನ್ನ ಗಿಡದ ಮೇಲೆ ಊರಿನ, ತಾಲ್ಲೂಕಿನ, ಬಹುಶಃ ದೇಶದ ಕಣ್ಣೇ ಇದೆಯೆಂದು ಮಾವ ದೃಢವಾಗಿ ನಂಬಿದ್ದರು. ಆದ್ದರಿಂದ ಅವರ ಮನೆಯಲ್ಲಿ ಯಾವ ಡಬ್ಬಿಯ ಮೇಲೂ ನಿಜ ಬರೆದಿರುತ್ತಿರಲಿಲ್ಲ. ಚಳಿ ತಗುಲದೆ ಆ ಬೀಜ ಮೊಳೆಯುವುದಿಲ್ಲವೆಂದು ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಡ್ಜಿನಲ್ಲಿ ಇಟ್ಟಿದ್ದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಇಲಿ ಪಾಷಾಣ’ ಎಂದು ಬರೆದಿದ್ದರು. ಬಾಳೆಹೊನ್ನೂರಿನಿಂದ ಬೀಗರು ಬಂದಿದ್ದ ದಿನ ಬೀಗಿತ್ತಿ ಸಹಾಯಕ್ಕೆಂದು ಹಾಲು ತೆಗೆಯಲು ಹೋಗಿ ಅದನ್ನು ನೋಡಿಬಿಟ್ಟರು. ಹೊರಗೆ ಬಂದವರೇ ತಮಗೂ ತಮ್ಮವರಿಗೂ ಕಾಫಿ ಬೇಡವೆಂದರು. ಅತ್ತೆ ನಾಚಿ, ಅದು ಪಾಷಾಣವಲ್ಲ, ನಮ್ಮವರು ಸುಮ್ಮನೆ ಸುಳ್ಳು ಬರೆದಿದ್ದಾರೆ ಎಂದು ಸಮಜಾಯಿಷಿ ಕೊಟ್ಟರು. ಬೀಗರು ಸ್ವಲ್ಪ ಹೊತ್ತು ಯೋಚಿಸಿದರು.

“ಹಂಗಾರೆ ಸಕ್ಕರೆ ಡಬ್ಬಿಲಿ ಎಂತ ಇದೆ?” ಎಂದು ಕೇಳಿದರು.

ಎಲ್ಲಕ್ಕಿಂತ ಕುಖ್ಯಾತವಾದದ್ದು ಎರಡು ಹಣ್ಣಿನ ಪರೀಕ್ಷೆ. ಹಣ್ಣಿನ ಕಾಲದಲ್ಲಿ ಮನೆಗೆ ಯಾರೇ ಬರಲಿ, ಮಾವ ಎರಡು ಅಂಗೈಗಳ ಮೇಲೆ ಎರಡು ಹಣ್ಣು ಇಟ್ಟುಕೊಂಡು ಎದುರಿಗೆ ನಿಲ್ಲುತ್ತಿದ್ದರು. “ಇದ್ರಲ್ಲಿ ಹೆಚ್ಚು ಕೆಂಪು ಯಾವ್ದು? ಎಂಥಾ ಕೆಂಪು?” ಅಂಚೆಯವನಿಗೆ ಈ ಪ್ರಶ್ನೆ, ಕರೆಂಟಿನ ಮೀಟರ್ ನೋಡಲು ಬಂದವನಿಗೆ ಈ ಪ್ರಶ್ನೆ, ಮತದಾರರ ಚೀಟಿ ಹಂಚಲು ಬಂದವರಿಗೂ ಇದೇ ಪ್ರಶ್ನೆ! ಉತ್ತರ ಕೇಳಿ, ಹೂಂ ಎಂದು, ಕಿಸೆಯಿಂದ ಸಣ್ಣ ಕಪ್ಪು ಪುಸ್ತಕ ತೆಗೆದು, ಬೆನ್ನು ತಿರುಗಿಸಿ ಏನನ್ನೋ ಬರೆದುಕೊಳ್ಳುತ್ತಿದ್ದರು. ಯಾರು ಸುಳ್ಳು ಹೇಳುತ್ತಾರೆ, ಯಾರು ಮುಖಸ್ತುತಿ ಮಾಡುತ್ತಾರೆ, ಯಾರ ಕಣ್ಣು ಗಿಡದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳುವ ಪುಸ್ತಕ ಅದೆಂದು ಊರಿನ ಒಮ್ಮತದ ತೀರ್ಮಾನ. ಅಂಚೆಯವನಂತೂ ಕಾಗದಗಳನ್ನು ಬೇಲಿ ಬಾಗಿಲಿನ ಉಣುಗೋಲಿಗೆ ಸಿಕ್ಕಿಸಿ ಓಡುವುದನ್ನು ರೂಢಿ ಮಾಡಿಕೊಂಡ.

ನನ್ನ ಸರದಿ ಬಂದಾಗ ನಾನು ಉತ್ತರಿಸಲಿಲ್ಲ. ಪ್ರಶ್ನೆಯ ಉದ್ದೇಶ ತಿಳಿಯದೆ ಉತ್ತರ ಕೊಡುವುದು ಸ್ವತಂತ್ರ ನಾಗರಿಕರಿಗೆ ಶೋಭೆಯಲ್ಲವೆಂದೂ, ಸಂಶಯವು ಸಮಾಜದ ಬುನಾದಿಯನ್ನೇ ಶಿಥಿಲಗೊಳಿಸುತ್ತದೆಂದೂ ಮೂರು ಅಂಶಗಳಲ್ಲಿ ವಿವರಿಸಿದೆ. ಮಾವ ಎರಡೂ ಕೈ ಚಾಚಿಕೊಂಡೇ ಪೂರ್ತಿ ಕೇಳಿದರು. “ಅಡ್ಡಿಲ್ಲ ಮಾರಾಯ್ತಿ,” ಎಂದು ಪುಸ್ತಕ ತೆಗೆದು, ನನ್ನ ಹೆಸರಿನಲ್ಲೂ ಏನೋ ಬರೆದು ಮುಚ್ಚಿಟ್ಟರು.

ನಾನು ಕೊಪ್ಪದ ಬಸ್ ನಿಲ್ದಾಣದ ಬಳಿ ಒಂದು ಮಾಹಿತಿ ಕೇಂದ್ರ ನಡೆಸುತ್ತೇನೆ. ಜನರಿಗೆ ಅರ್ಜಿ ಬರೆದುಕೊಡುವುದು, ಬಂದ ಉತ್ತರ ಓದಿ ಹೇಳುವುದು ಅದರ ಕೆಲಸ. ಲೋಕದ ಅರ್ಧ ಅನ್ಯಾಯ ಬರೆಯದೆ ಬಿಟ್ಟದ್ದರಿಂದ ಆದದ್ದು ಎಂಬುದು ನನ್ನ ಸಿದ್ಧಾಂತ. ಕಳ್ಳತನಕ್ಕೆ ಮದ್ದು ಮುಚ್ಚಿಡುವುದಲ್ಲ, ಹೊಸ ತಳಿಯೆಂದು ಸರ್ಕಾರದಲ್ಲಿ ನೋಂದಾಯಿಸಿ, ಅದರ ವಿವರಣೆಯನ್ನು ಲೋಕದ ಮುಂದೆ ಇಡುವುದು ಎಂದು ಮಾವನೊಡನೆ ಎರಡು ವರ್ಷ ವಾದಿಸಿದೆ.

“ಹಂಗೆ ಬರ್ದು ಕೊಟ್ರೆ ಕದಿಯೋರಿಗೆ ಹುಡ್ಕೋದು ಸುಲಭ ಆಗೋದಿಲ್ವ?” ಎಂದು ಅವರ ಪ್ರತಿವಾದ.

ಕೊನೆಗೆ ಒಪ್ಪಿದರು. ಅಂತಹ ಹಣ್ಣನ್ನು ಹುಟ್ಟಿಸಿದ್ದು ತಾನೇ ಎಂದು ಒಂದು ಕಾಗದವಾದರೂ ಒಪ್ಪಬೇಕೆಂಬ ಆಸೆ ಭಯಕ್ಕಿಂತ ದೊಡ್ಡದಿತ್ತು. ಅರ್ಜಿ ತರಿಸಿದೆವು. ಗಿಡದ ಬಳಿ ನನ್ನನ್ನು ಬಿಡಲಿಲ್ಲ. ಎಲೆ, ಕೋಲು, ಮುಳ್ಳುಗಳನ್ನು ಬಟ್ಟೆಚೀಲದಲ್ಲಿ ಮುಚ್ಚಿ ತಂದು ಜಗುಲಿಯ ಮೇಲೆ ತೋರಿಸಿದರು. ಮುಳ್ಳು ವಿರಳ, ಎಲೆಯ ಅಡಿ ಬೆಳ್ಳಗೆ, ಹಣ್ಣು ಉದ್ದುದ್ದ, ಜಡಿಮಳೆಗೂ ಬೂಷ್ಟು ಹಿಡಿಯದು. ಎಲ್ಲವೂ ಸರಾಗವಾಗಿ ತುಂಬಿತು. ಆಮೇಲೆ ‘ಹಣ್ಣಿನ ಬಣ್ಣ’ ಎಂಬ ಕಾಲಂ ಬಂತು. ಅರ್ಜಿಯ ಜೊತೆಗೇ ಬಣ್ಣದ ಪಟ್ಟಿಗಳ ಒಂದು ಹಾಳೆ ಇತ್ತು. ಹಣ್ಣಿಗೆ ಹೊಂದುವ ಪಟ್ಟಿಯ ಸಂಖ್ಯೆ ಬರೆಯಬೇಕು, ಅಷ್ಟೆ. ಮಾವ ಆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಹಸುವಿಗೆ ಅಕ್ಕಚ್ಚು ಇಡಬೇಕೆಂದು ಎದ್ದು ಹೋದರು. ಮರುವಾರ ಕೇಳಿದೆ, ನಲ್ಲಿ ಸೋರುತ್ತಿದೆ ಎಂದು ಹೋದರು. ಮೂರನೆಯ ಸಲ ನಾನು ಬರುವುದು ಕಂಡೇ ಹೋದರು!

ನನ್ನ ಸಂಶಯ ಈಗ ಬಲವಾಯಿತು. ತಾನೇ ಬೆಳೆಸಿದ ಹಣ್ಣಿನ ಬಣ್ಣ ಹೇಳಲು ಹಿಂಜರಿಯುವವರು ಅದನ್ನು ನಿಜಕ್ಕೂ ಬೆಳೆಸಿದ್ದಾರೆಯೇ? ನರ್ಸರಿಯ ಗಿಡವನ್ನೇ ತನ್ನದೆನ್ನುತ್ತಿರಬಹುದೇ? ಇದಕ್ಕೆ ಹಳೆಯ ಒಂದು ಸಂಗತಿ ಪುಷ್ಟಿ ಕೊಟ್ಟಿತು. ಪ್ರಾಯದಲ್ಲಿ ಮಾವ ಬಸರೀಕಟ್ಟೆಯ ಕಡೆ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಕೊಯ್ದು ತಂದ ಕಾಫಿಯಲ್ಲಿ ಹಣ್ಣನ್ನು ಮಾತ್ರ ತೂಕಕ್ಕೆ ಹಾಕಿಸಿ, ಹಸಿರು ಕಾಯಿಯನ್ನು ತೆಗೆಸುವುದು ಅವರ ಕೆಲಸ. ಕೊಯ್ಲಿನವರೊಡನೆ ಶಾಮೀಲಾಗಿ ಹಸಿರು ಕಾಯಿಯನ್ನೂ ತೂಗಿಸುತ್ತಾರೆಂದು ಅಪವಾದ ಬಂದು, ಒಂದು ಮಾತೂ ಆಡದೆ ಕೆಲಸ ಬಿಟ್ಟು ಬಂದರಂತೆ. ನಮ್ಮ ಮನೆಯಲ್ಲಿ ಯಾರೂ ಎತ್ತದ ವಿಷಯ ಅದು. ಅಂದು ಹಾಗೆ, ಇಂದು ಹೀಗೆ. ಎರಡನ್ನೂ ಕೂಡಿಸಿ ಮಾವನ ವಿರುದ್ಧ ಒಂದು ಸಮರ್ಥ ವಾದವನ್ನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಳೆ ಬಿಟ್ಟ ಮೇಲೆ ಮಾವ ಮತ್ತು ಅತ್ತೆ ಶಿವಮೊಗ್ಗಕ್ಕೆ ಒಂದು ಮದುವೆಗೆ ಹೊರಟರು. ನರಸಿಂಹರಾಜಪುರದ ಕಡೆಯಿಂದ ಕಳೆ ಹೊಡೆಯುವ ಮಿಷನ್ನಿನವನು ಬರುವವನಿದ್ದ. ಅವನನ್ನು ನೋಡಿಕೊಳ್ಳಲು ನನ್ನನ್ನು ಬಿಟ್ಟರು. ಕೊಟ್ಟಿಗೆಯ ಹಿಂದಿನ ಸಾಲುಗಳಲ್ಲಿ ಯಾವುದು ಏನೆಂದು ಹೇಳಲಿಲ್ಲ. ಹೇಳಿದರೆ ಬೆಲೆಯುಳ್ಳದ್ದು ಯಾವುದೆಂದು ನನಗೆ ಗೊತ್ತಾಗಿಬಿಡುತ್ತದಲ್ಲ!

ಮಧ್ಯಾಹ್ನ ಮಿಷನ್ನಿನವನು ಬಂದು ತಲೆ ಕೆರೆದುಕೊಂಡ. “ಅಕ್ಕ, ಹಿಂದ್ಗಡೆ ಮುಳ್ಳು ಗಿಡದ ಎರಡು ಸಾಲು ಇದೆ. ನಂಗೆ ಎರಡೂ ಒಂದೇ ತರ ಕಾಣ್ತದೆ. ಎಂತ ಮಾಡೋದು?”

ಹೋಗಿ ನೋಡಿದೆ. ಒಂದು ಸಾಲಿಗೆ ‘ಹೊಸ ತಳಿ, ಮುಟ್ಟಬಾರದು’ ಎಂಬ ಬೋರ್ಡು. ಇನ್ನೊಂದಕ್ಕೆ ‘ಕಳೆ’ ಎಂಬ ಬೋರ್ಡು. ಇಷ್ಟು ಸ್ಪಷ್ಟವಾದ ಬರಹವಿದ್ದೂ ಕೇಳಬೇಕೇ? ಬರೆದದ್ದನ್ನು ಓದಿ ಅದರಂತೆ ನಡೆಯುವುದೇ ವಿದ್ಯೆಯ ಸಾರ್ಥಕತೆಯೆಂದು ಅವನಿಗೆ ತಿಳಿಹೇಳಿದೆ. ಅವನು ತಲೆಯಾಡಿಸಿ, ಮಿಷನ್ ಶುರು ಮಾಡಿ, ‘ಕಳೆ’ಯನ್ನು ನೆಲಮಟ್ಟಕ್ಕೆ ನುಣ್ಣಗೆ ಹೊಡೆದ.

ಇಷ್ಟು ಹೊತ್ತಿಗೆ ನೀವು ಊಹಿಸಿದ್ದೀರಿ. ಇಲಿ ಪಾಷಾಣದ ಡಬ್ಬಿಯ ಕಥೆಯನ್ನು ಊರಿಗೆಲ್ಲ ಹೇಳಿ ನಗಿಸಿದ ನಾನು ಮಾತ್ರ ಊಹಿಸಲಿಲ್ಲ.

ಮಾವ ಮರಳಿ ಬಂದು ಚೀಲ ಇಡುವ ಮೊದಲೇ ಕೊಟ್ಟಿಗೆಯ ಹಿಂದೆ ನಡೆದರು. ಕೆಲಸ ಎಷ್ಟು ಅಚ್ಚುಕಟ್ಟಾಗಿದೆಯೆಂದು ವರದಿ ಒಪ್ಪಿಸುತ್ತ ನಾನೂ ಹಿಂದೆ ಹೋದೆ. ಅವರು ಕತ್ತರಿಸಿದ ಬುಡಗಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದನ್ನೇ ಮುಟ್ಟಿದರು. ಆಗ ನನಗೆ ತಿಳಿಯಿತು.

“ಬೋರ್ಡು ಓದಿ ಹೇಳಿದ್ಯ?”

ಹೌದೆಂದೆ.

“ಬರ್ದವ್ನು ನಾನು,” ಎಂದರು. ಬೈಗುಳವಿಲ್ಲ, ಸಂಶಯವಿಲ್ಲ. ಜೀವನವಿಡೀ ಎಲ್ಲರನ್ನೂ ಶಂಕಿಸಿದವರು, ನಿಜವಾಗಿ ಹಾಳು ಮಾಡಿದವಳನ್ನು ಶಂಕಿಸಲೇ ಇಲ್ಲ. ನನಗೆ ಅದನ್ನು ತಾಳಲಾಗಲಿಲ್ಲ. ಹೀಗೇಕೆ ಸುಳ್ಳು ಬರೆಯಬೇಕಿತ್ತು, ಬಣ್ಣವನ್ನಾದರೂ ಆಗಲೇ ಹೇಳಿದ್ದರೆ ಅರ್ಜಿ ಹೋಗಿರುತ್ತಿತ್ತಲ್ಲ, ಇನ್ನು ಯಾವ ಹಣ್ಣು ನೋಡಿ ಬರೆಯುವುದು ಎಂದು ತಪ್ಪಿತಸ್ಥಳಾದ ನಾನೇ ಅವರ ಮೇಲೆ ಹಾರಿದೆ.

ಮಾವ ಮಣ್ಣು ಕೊಡವಿಕೊಂಡರು. “ನಂಗೆ ಕೆಂಪು ಕಾಣೋದಿಲ್ಲ ಮಾರಾಯ್ತಿ. ಹುಟ್ಟಿದಾಗಿಂದ್ಲೂ. ಎಲೆ, ಹಣ್ಣು ಎಲ್ಲಾ ಒಂದೇ ಬಣ್ಣ. ಮುಟ್ಟಿ ನೋಡಿ ಹೇಳ್ತೀನಿ ಅಷ್ಟೆ.”

ನಾನೂ ಬುಡಗಳ ಪಕ್ಕ ಮಣ್ಣಿನ ಮೇಲೆ ಕುಳಿತೆ.

“ಕಾಫಿ ತೋಟದಲ್ಲೂ ಅದೇ ಆಗಿದ್ದು. ರಾಶಿಲಿ ಹಸಿರು ಕಾಯಿ ಎಷ್ಟಿತ್ತೋ, ನಂಗೆ ಕಂಡ್ರೆ ತಾನೆ? ಕಳ್ಳ ಅಂದ್ರು. ಕಣ್ಣು ಸರಿ ಇಲ್ಲ ಅನ್ನಿಸ್ಕೊಳೋದಕ್ಕಿಂತ ಅದೇ ಅಡ್ಡಿಲ್ಲ ಅಂತ ಕಂಡಿತ್ತು ಆಗ.”

ಅತ್ತೆಗೂ ಹೇಳಿಲ್ಲವೇ ಎಂದು ಕೇಳಿದೆ.

“ನಾನು ಹೇಳಿಲ್ಲ. ಅವ್ಳಿಗೆ ಗೊತ್ತು.”

ಕಿಸೆಯಿಂದ ಕಪ್ಪು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಬಣ್ಣದ ಕಾಲಂಗೆ ಇದರಲ್ಲಿ ಏನಾದರೂ ಸಿಗುತ್ತದೆಯೇ ನೋಡೆಂದರು. ತೆರೆದೆ. ಯಾರ ಸುಳ್ಳಿನ ಲೆಕ್ಕವೂ ಅದರಲ್ಲಿರಲಿಲ್ಲ. ಅಂಚೆಯವನು: ಹೊಸದಾಗಿ ಬಣ್ಣ ಬಳಿದ ಅಂಚೆ ಪೆಟ್ಟಿಗೆ, ಬಿಸಿಲಿಗೆ ಮಾಸುವ ಮೊದಲು. ಮೀಟರಿನವನು: ಮೀಟರಿನ ಒಳಗೆ ಮಿನುಗುವ ಸಣ್ಣ ದೀಪ. ಬಾಳೆಹೊನ್ನೂರಿನ ಬೀಗರು: ನಿಮ್ಮ ಪಾಷಾಣದ ಡಬ್ಬಿಯ ಮುಚ್ಚಳ. ಅವಳು: ಮದುವೆ ಸೀರೆಯ ಅಂಚು, ಒಡಲಿನದ್ದಲ್ಲ. ಹೀಗೆ ಪುಟದ ಮೇಲೆ ಪುಟ. ಹನ್ನೆರಡು ವರ್ಷ ಮಾವ ಊರಿನ ಕಣ್ಣುಗಳನ್ನು ಒಂದೊಂದಾಗಿ ಎರವಲು ಪಡೆದು ತನ್ನ ಹಣ್ಣನ್ನು ನೋಡಿದ್ದರು! ಕೊನೆಯ ಪುಟದಲ್ಲಿ ನಾನಿದ್ದೆ. ‘ಅಕ್ಕನ ಮಗಳು: ಉತ್ತರ ಬಾಕಿ.’

ರಾಸ್ಪ್‌ಬೆರಿಯ ಜೀವ ಬೇರಿನಲ್ಲಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ಕತ್ತರಿಸಿದ ಜಾಗದ ಸುತ್ತಲೂ ನೆಲ ಸೀಳಿಕೊಂಡು ಮೊಳಕೆಗಳು ಎದ್ದವು. ಆದರೆ ಒಂದು ವರ್ಷ ಬೆಳೆದ ಕೋಲು ಮರುವರ್ಷವಷ್ಟೇ ಹಣ್ಣು ಬಿಡುವ ಜಾತಿ ಅದು. ಒಂದು ಹಣ್ಣಿನ ಕಾಲ ಕಳೆದೇ ಹೋಯಿತು. ಕಾಯುವ ನಡುವೆ ತಳಿಯ ಹೆಸರಿನ ಕಾಲಂ ತುಂಬಿದೆವು. ಮಾವ ‘ಕಳೆ’ ಎಂದು ಬರೆಸಿದರು. ಸರ್ಕಾರಕ್ಕೆ ಅರ್ಜಿ ಹಾಕಿ ಕಳೆಯೆಂದು ಬರೆದರೆ ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂದು ನಾನು ಆಕ್ಷೇಪಿಸಿದೆ. ಒಳಗಿನಿಂದ ಅತ್ತೆಯ ಧ್ವನಿ ಬಂತು. “ಕಳೆ ಅಂದ್ರೆ ಅದೊಂದೇನಾ? ಹಣ್ಣು ಬಿಟ್ಟ ದಿನ ಇವ್ರ ಮುಖ ನೋಡು.” ನಾನು ಆಕ್ಷೇಪ ಹಿಂತೆಗೆದುಕೊಂಡೆ. ಹಳೆಯ ಬೋರ್ಡು ಅದೇ ಸಾಲಿನಲ್ಲಿ ಅದೇ ಅಕ್ಷರದೊಡನೆ ನಿಂತಿದೆ. ಮಾವ ಬರೆದ ಬೋರ್ಡು ನಿಜ ಹೇಳುತ್ತಿರುವುದು ಇದೇ ಮೊದಲು. ಕೆಳಗೆ ಸಣ್ಣದಾಗಿ ‘ಕೊಯ್ಯಬಾರದು’ ಎಂದು ಸೇರಿಸಿದ್ದಾರೆ.

ಈ ಸಲದ ಬೇಸಿಗೆಯಲ್ಲಿ ಮೊದಲ ಹಣ್ಣು ಬಂತು. ಮಾವ ಎರಡು ಅಂಗೈ ಚಾಚಿ ನನ್ನೆದುರು ನಿಂತರು. “ಯಾವ್ದು?”

ಬಲಗೈಯದ್ದು ಎಂದೆ. ಎಂಥಾ ಕೆಂಪು ಎಂದರು. ಅರ್ಜಿಗೆ ಬೇಕಾದ ಪಟ್ಟಿಯ ಸಂಖ್ಯೆ ಹೇಳಿದೆ. ಅವರು ಇನ್ನೂ ಕಾಯುತ್ತಲೇ ಇದ್ದರು. ಪೂರ್ತಿ ಮಾಗಿದ ಕಾಫಿ ಹಣ್ಣಿನ ಕೆಂಪು, ಮಾವ, ಒಂದೂ ಹಸಿರು ಸೇರದ್ದು ಎಂದೆ.

ಮಾವ ಹಣ್ಣನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ಚಂದ ಇದ್ಯ?”

ಪ್ರತಿ ಉತ್ತರಕ್ಕೂ ಮೂರು ಅಂಶ ಬೇಕೆಂದು ಕಲಿತವಳು ನಾನು. ಅಂದು ಒಂದೂ ಸಿಗಲಿಲ್ಲ. ಇದೆ ಮಾವ ಎಂದೆ.

ಈ ಬಾರಿ ಬೆನ್ನು ತಿರುಗಿಸದೆ, ನನ್ನ ಎದುರಿಗೇ, ಅದನ್ನೂ ಬರೆದುಕೊಂಡರು.